ಟೇಪ್ ಮೇಡಂ ಹುಡುಕಿದ ಸಾಲು

ಹೋದ ತಿಂಗಳು ನಮ್ಮ ಹಳೆಯ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರೊಬ್ಬರು ಫೋನ್ ಮಾಡಿ, "ಟೇಪ್ ಮೇಡಂ ಹೋಗ್ಬಿಟ್ರಂತೆ ಸಾರ್" ಎಂದರು. ಸ್ನಾನಕ್ಕೆ ನೀರು ಬಿಟ್ಟಿದ್ದವನು ನಲ್ಲಿ ನಿಲ್ಲಿಸಿದೆ. ಆಮೇಲೆ ಮಾರತ್ತಹಳ್ಳಿಯ ಅವರ ಮನೆಗೆ ಹೊರಟೆ. ಹೂವು ಕೊಳ್ಳಬೇಕೆಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಹೂವು ಒಯ್ದಿದ್ದರೂ ಆಕೆ "ಇದಕ್ಕೆಲ್ಲ ಯಾಕೆ ದುಡ್ಡು ದಂಡ ಮಾಡ್ತೀರಿ" ಎಂದು ರೇಗುತ್ತಿದ್ದರು ಎಂದು ಸಮಾಧಾನ ಮಾಡಿಕೊಂಡೆ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅದರ ಕೆಳಗಿನ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಆಕೆಯ ಅಣ್ಣನ ಮಗ ಬಂದು ನನ್ನ ಪರಿಚಯ ಕೇಳಿದ. ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆವು ಎಂದೆ. "ಅತ್ತೆ ಫ್ಯಾಕ್ಟರಿ ವಿಷಯ ಮನೇಲಿ ಏನೂ ಮಾತಾಡ್ತಿರ್ಲಿಲ್ಲ ಅಂಕಲ್. ಅಲ್ಲಿ ಏನ್ ಕೆಲ್ಸ ಮಾಡ್ತಿದ್ರು?" ಎಂದು ಕೇಳಿದ. ಹೆಣ ಮುಂದಿಟ್ಟುಕೊಂಡು ವಿವರಿಸುವ ಮಾತಲ್ಲ ಅದು. "ಟೇಪು" ಎಂದಷ್ಟೇ ಹೇಳಿದೆ. ಅವನು ಹಾಡಿನ ಟೇಪು ಅಂದುಕೊಂಡಿರಬೇಕು. ಅವನಿಗೆ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಆಕೆಗೆ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ವೈಟ್‌ಫೀಲ್ಡಿನ ಕಡೆಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆ. ಪಂಪು, ವಾಲ್ವುಗಳ ಬಿಡಿಭಾಗ ಮಾಡುತ್ತಿದ್ದೆವು. ಉಳಿದ ಯಂತ್ರಗಳನ್ನೆಲ್ಲ ಕೈಯಿಂದ ನಡೆಸಬೇಕು. ಒಂದು ಯಂತ್ರ ಮಾತ್ರ ಹೇಳಿದ್ದನ್ನು ಓದಿಕೊಂಡು ತಾನೇ ಕೊರೆಯುತ್ತಿತ್ತು. ಅದಕ್ಕೆ ಹೇಳಬೇಕಾದ್ದನ್ನು ಕಾಗದದ ಪಟ್ಟಿಯ ಮೇಲೆ ತೂತುಗಳಲ್ಲಿ ಹೇಳಬೇಕು. ಅದೇ ಟೇಪು. ಲೋಹ ಕೊರೆಯುವ ಟೂಲು ಎಲ್ಲಿಗೆ ಹೋಗಬೇಕು, ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಎಷ್ಟು ಆಳ ಇಳಿಯಬೇಕು, ಎಲ್ಲ ಆ ತೂತುಗಳಲ್ಲೇ. ಡ್ರಾಯಿಂಗ್ ನೋಡಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಬರೆದುಕೊಡುವುದು ನನ್ನ ಕೆಲಸ. ಅದನ್ನು ಯಂತ್ರದ ಮಾತಿಗೆ ತಂದು ಟೇಪು ಮಾಡುವುದು ಆಕೆಯ ಕೆಲಸ. ಗಾಜಿನ ಗೋಡೆಯ ಒಂದೇ ಕೋಣೆಯಲ್ಲಿ ಎದುರುಬದುರು ಮೇಜು. ಹೀಗಾಗಿ ನಮ್ಮ ಜಗಳಕ್ಕೆ ರಜೆ ಎಂಬುದೇ ಇರಲಿಲ್ಲ.

ಕುಳ್ಳಗಿನ ಹೆಂಗಸು. ಗಂಜಿ ಹಾಕಿದ ಹತ್ತಿಯ ಸೀರೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ಕಂಡಿಲ್ಲ. ಟೇಪು ಕೊರೆಯುವಾಗ ಉದುರುವ ಸಾಸಿವೆ ಗಾತ್ರದ ಕಾಗದದ ಚೂರುಗಳು ಆಕೆಯ ಜಡೆಯಲ್ಲಿ, ಸೆರಗಿನಲ್ಲಿ, ಕೆಲವು ಸಲ ಊಟದ ಡಬ್ಬಿಯಲ್ಲೂ ಸಿಗುತ್ತಿದ್ದವು. "ಮೇಡಂ, ಮದುವೆ ಮನೆಯಿಂದ ಬಂದ್ರಾ?" ಎಂದು ನಾನು ಕಾಲೆಳೆಯುತ್ತಿದ್ದೆ. "ನಿಮ್ಮ ಡ್ರಾಯಿಂಗ್ ನೋಡಿದ್ರೆ ತಿಥಿ ಮನೆಯಿಂದ ಬಂದಂಗಿದೆ" ಎಂದು ಉತ್ತರ ಬರುತ್ತಿತ್ತು. ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಇದ್ದರು. ಅದರ ಬಗ್ಗೆ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ಸುಮಾರು" ಎನ್ನುವ ಪದ ಕೇಳಿದರೆ ಆಕೆಗೆ ಮೈ ಉರಿಯುತ್ತಿತ್ತು. ಒಮ್ಮೆ ನಾನು ಒಂದು ಅಳತೆಯನ್ನು ಬರೆಯಲು ಮರೆತು, ಬಾಯಲ್ಲಿ, "ಸುಮಾರು ನಲವತ್ತು ಹಾಕ್ಕೊಳ್ಳಿ ಮೇಡಂ" ಎಂದೆ. ಡ್ರಾಯಿಂಗನ್ನು ಮಡಿಸಿ ನನ್ನ ಮೇಜಿನ ಮೇಲೆ ಇಟ್ಟು, "ನಿಮ್ಮ ಮನೆಯವರು ಸುಮಾರಾಗಿ ಉಪ್ಪು ಹಾಕಿದ್ರೆ ತಿಂತೀರೇನ್ರೀ? ಗೊತ್ತಿದ್ರೆ ಹೇಳಿ. ಗೊತ್ತಿಲ್ದೆ ಇದ್ರೆ ಗೊತ್ತು ಮಾಡ್ಕೊಂಡು ಬನ್ನಿ" ಎಂದರು. ಕೋಣೆಯಲ್ಲಿ ಇನ್ನೂ ಇಬ್ಬರಿದ್ದರು. ನನಗೆ ಅವಮಾನವಾಯಿತು. ಆ ವಾರ ಪೂರ್ತಿ ನಾನು ಮಾತಾಡಲಿಲ್ಲ. ಆಕೆಗೆ ಅದು ಗೊತ್ತೇ ಆಗಲಿಲ್ಲವೆಂದು ಕಾಣುತ್ತದೆ. ಗೊತ್ತಾಗಿದ್ದರೂ ತಲೆ ಕೆಡಿಸಿಕೊಳ್ಳುವವರಲ್ಲ.

ಆಕೆ ಮಾಡಿದ ಟೇಪಿನಲ್ಲಿ ತಪ್ಪು ಇರುವುದಿಲ್ಲ ಎಂಬುದು ಕಾರ್ಖಾನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಆಕೆಯೂ ಒಪ್ಪಿಕೊಂಡಿದ್ದರು. ಸ್ವಲ್ಪ ಜಾಸ್ತಿಯೇ ಒಪ್ಪಿಕೊಂಡಿದ್ದರು ಎಂದು ನನಗೆ ಅನ್ನಿಸುತ್ತಿತ್ತು.

ಇಷ್ಟು ಬಿಗಿಯಾದ ಹೆಂಗಸಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಟೇಪಿನಲ್ಲಿ ಬ್ರಾಕೆಟ್ಟಿನ ಒಳಗೆ ಏನು ಬರೆದರೂ ಯಂತ್ರ ಅದನ್ನು ಓದಿಯೂ ಓದದ ಹಾಗೆ ಮುಂದೆ ಹೋಗುತ್ತದೆ. ಆದರೆ ಟೇಪಿನ ಜೊತೆಗೆ ಆಪರೇಟರನಿಗೆ ಕೊಡುವ ಪ್ರಿಂಟಿನಲ್ಲಿ ಅದು ಮೂಡುತ್ತದೆ. ಬೇರೆ ಕಡೆಯವರು ಆ ಜಾಗದಲ್ಲಿ ಟೂಲಿನ ನಂಬರು ಬರೆಯುತ್ತಾರೆ. ಈಕೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. "ಇದು ನಿಧಾನಕ್ಕೆ ಆಗುತ್ತೆ, ಹೋಗಿ ನೀರು ಕುಡಿದು ಬನ್ನಿ." "ಇಲ್ಲಿ ಚೂರು ಹಾರುತ್ತೆ, ಮುಖ ದೂರ." ಆಪರೇಟರ್ ಮುನಿರಾಜುವಿನ ತಂಗಿಯ ಮದುವೆಯಾದ ವಾರ ಒಂದು ಟೇಪಿನ ನಡುವೆ "ಮದುವೆ ಲಾಡು ಎಲ್ಲಿ?" ಎಂದು ಬಂದಿತ್ತು. ಅವನು ಆ ಪ್ರಿಂಟನ್ನು ಯಂತ್ರಗಳಿದ್ದ ಶಾಪಿನಲ್ಲೆಲ್ಲ ತೋರಿಸಿಕೊಂಡು ಬಂದ. ಮಾರನೆಯ ದಿನ ನಮ್ಮ ಕೋಣೆಗೆ ಲಾಡು ಬಂತು. ಆಕೆ ಎದುರಿಗೆ ಯಾರ ಜೊತೆಯೂ ನಗುತ್ತಿರಲಿಲ್ಲ. ನಗುವುದಿದ್ದರೆ ಬ್ರಾಕೆಟ್ಟಿನ ಒಳಗೆ ನಗುತ್ತಿದ್ದರು.

ಮುನಿರಾಜು ಪಟ್ಟಂದೂರು ಅಗ್ರಹಾರದ ರೈತರ ಮನೆಯವನು. ಕಾರ್ಖಾನೆಗಳಿಗೆಂದು ಅವರ ರಾಗಿ ಹೊಲ ಹೋದಾಗ, ಜಮೀನು ಕೊಟ್ಟ ಮನೆಗೆ ಒಂದು ಕೆಲಸ ಎಂದು ಇವನನ್ನು ತೆಗೆದುಕೊಂಡಿದ್ದರು. ಪರಿಹಾರದ ಹಣ ಮನೆ ಕಟ್ಟುವುದರಲ್ಲಿ, ತಂಗಿಯ ಮದುವೆಯಲ್ಲಿ ಮುಗಿದಿತ್ತು. ಉಳಿದದ್ದು ಈ ಕೆಲಸ ಒಂದೇ. ಮೊದಲು ಗುಡಿಸುವುದಕ್ಕೆ ಇದ್ದವನು ನೋಡಿ ನೋಡಿ ಕಲಿತು, ಪರೀಕ್ಷೆ ಕೊಟ್ಟು, ಆ ದುಬಾರಿ ಯಂತ್ರದ ಆಪರೇಟರ್ ಆಗಿದ್ದ. ಮದುವೆಯಾಗಿ ಒಂದು ಮಗುವಿತ್ತು. ಯಂತ್ರವನ್ನು ಬೆಳಿಗ್ಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಶುರು ಮಾಡುತ್ತಿರಲಿಲ್ಲ.

ಆಮೇಲೆ ನಮ್ಮ ಕೋಣೆಗೆ ಕಂಪ್ಯೂಟರ್ ಬಂತು. ಅದಕ್ಕೆ ಮೊದಲು ಆಕೆ ಟೈಪ್‌ರೈಟರಿನಂಥ ಒಂದು ಯಂತ್ರದಲ್ಲಿ ಒಂದೊಂದೇ ಅಕ್ಷರ ಒತ್ತಿ ಟೇಪು ಕೊರೆಯುತ್ತಿದ್ದರು. ಸಾಲು ಎಲ್ಲಿ ಮುಗಿಯಬೇಕೋ ಅಲ್ಲಿ ಕೈಯಾರೆ ಮುಗಿಸುತ್ತಿದ್ದರು. ಇದು ಮುಖ್ಯ. ಯಾಕೆಂದರೆ ಆ ಯಂತ್ರಕ್ಕೆ ಸಾಲು ಮುಗಿಯಿತು ಎಂದರೆ ಹೇಳುವುದು ಮುಗಿಯಿತು, ಇನ್ನು ಹೇಳಿದ್ದನ್ನು ಮಾಡು ಎಂದೇ ಅರ್ಥ. ಕಂಪ್ಯೂಟರ್ ಬಂದ ಮೇಲೆ ಆಕೆ ತಾವೇ ಒಂದು ಪ್ರೋಗ್ರಾಂ ಬರೆದರು. ಅಳತೆಗಳನ್ನು ಕೊಟ್ಟರೆ ಅದು ಲೆಕ್ಕ ಹಾಕಿ, ಸಾಲು ಸಾಲಾಗಿ ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಫೈಲಿನಿಂದ ಟೇಪು ತಾನೇ ಕೊರೆದುಕೊಳ್ಳುತ್ತಿತ್ತು. ದಿನಗಟ್ಟಲೆಯ ಕೆಲಸ ಗಂಟೆಯಲ್ಲಿ ಮುಗಿಯತೊಡಗಿತು. ಮುಂಬಯಿಯಿಂದ ದೊಡ್ಡವರು ಬಂದು ನೋಡಿ ಕೈಕುಲುಕಿ ಹೋದರು. ಅವತ್ತು ಸಂಜೆ ಆಕೆ ನನಗೊಬ್ಬನಿಗೇ ಕೇಳುವ ಹಾಗೆ ಯಾವುದೋ ಹಾಡು ಗುನುಗಿದರು. ಆ ಹಾಡು ಯಾವುದೆಂದು ಕೇಳಬೇಕಿತ್ತು.

ಒಂದು ದೊಡ್ಡ ವಾಲ್ವಿನ ಕೆಲಸ ಬಂತು. ಕೊರೆಯಬೇಕಾದ ತುಂಡನ್ನು ಹಿಡಿದಿಡುವ ಕಬ್ಬಿಣದ ಕ್ಲಾಂಪು ಎತ್ತರದ್ದು. ಟೂಲು ಅದನ್ನು ದಾಟಿ ಆಚೆ ಹೋಗಬೇಕು. ಮೊದಲ ಟೇಪು ಚೆನ್ನಾಗಿ ಓಡಿತು. ಎರಡನೆಯ ದಿನ ಮುನಿರಾಜು ಕೋಣೆಯ ಬಾಗಿಲಲ್ಲಿ ನಿಂತು, "ಮೇಡಂ, ಆ ಕ್ಲಾಂಪ್ ತಾವ ಒಂದ್ ಮಾತು ಆಕ್ಬಿಡಿ. ನಾನಿದ್ರೆ ಪರ್ವಾಗಿಲ್ಲ, ಸೆಕೆಂಡ್ ಶಿಫ್ಟ್‌ನೋರಿಗೆ ಗೊತ್ತಾಗಾಕಿಲ್ಲ" ಎಂದ. ಆಕೆ ಅಲ್ಲೇ, ಅವನೆದುರಿಗೇ, ಕ್ಲಾಂಪು ದಾಟುವ ಸಾಲಿನ ಮೊದಲಿಗೆ ಬ್ರಾಕೆಟ್ ಹಾಕಿ ಬರೆದರು. "ಇಲ್ಲಿ ಕ್ಲಾಂಪ್ ಎತ್ತರ ಇದೆ, ಕಣ್ಣಿಟ್ಟು ನೋಡಿ, ಕೈ ದೂರ ಇರಲಿ." ಸಾಲು ಉದ್ದವಾಯಿತು. ಹೊಸ ಟೇಪು ಕೊರೆದು ಅವನ ಕೈಗೆ ಕೊಟ್ಟರು.

ಹೊಸ ಟೇಪನ್ನು ಯಾವಾಗಲೂ ಮೊದಲು ತುಂಡಿಲ್ಲದೆ, ಗಾಳಿಯಲ್ಲಿ ಓಡಿಸಿ ನೋಡುತ್ತಾರೆ. ಆದರೆ ಇದರಲ್ಲಿ ಹೊಸದೇನಿತ್ತು? ಬ್ರಾಕೆಟ್ಟಿನೊಳಗೆ ಒಂದು ಮಾತು. ಯಾರೂ ಹಾಗೆ ಓಡಿಸಿ ನೋಡಲಿಲ್ಲ. ನಾನಾಗಿದ್ದರೂ ನೋಡುತ್ತಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಶಾಪಿನಿಂದ ಒಂದು ಶಬ್ದ ಕೇಳಿತು. ಅಂಥ ಶಬ್ದವನ್ನು ನಾನು ಮತ್ತೆ ಕೇಳಿಲ್ಲ. ಎಲ್ಲರೂ ಓಡಿದೆವು. ಕ್ಲಾಂಪನ್ನು ದಾಟಬೇಕಾದ ಟೂಲು ಪೂರ್ತಿ ವೇಗದಲ್ಲಿ ಕೆಳಗಿಳಿದು ಕ್ಲಾಂಪಿಗೇ ಗುದ್ದಿತ್ತು. ಟೂಲು ಪುಡಿಯಾಗಿ, ಅದನ್ನು ಹಿಡಿದಿದ್ದ ಸ್ಪಿಂಡಲ್ ಬಾಗಿಹೋಗಿತ್ತು. ಮುನಿರಾಜುವಿನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳದೆ ಯಂತ್ರವನ್ನೇ ನೋಡುತ್ತಿದ್ದ. "ನಾನೇನೂ ಮುಟ್ಟಿಲ್ಲ, ನಾನೇನೂ ಮುಟ್ಟಿಲ್ಲ" ಎನ್ನುತ್ತಿದ್ದ.

ಯಂತ್ರ ಮಾರಿದ ಕಂಪನಿಯ ಇಂಜಿನಿಯರ್ ಬಂದು ನೋಡಿದ. ಇದೇ ಪ್ರೋಗ್ರಾಂ ಹಿಂದಿನ ದಿನ ಓಡಿದೆ, ಯಂತ್ರದಲ್ಲಿ ದೋಷವಿಲ್ಲ, ಆದ್ದರಿಂದ ಆಪರೇಟರನೇ ಗುಂಡಿ ಒತ್ತಿ ಟೂಲಿನ ಎತ್ತರ ಬದಲಿಸಿರಬೇಕು ಎಂದ. ವರ್ಕ್ಸ್ ಮ್ಯಾನೇಜರ್ ನಮ್ಮ ಕೋಣೆಗೆ ಬಂದು, "ಮೇಡಂ, ಟೇಪ್ ಹೇಗೆ?" ಎಂದು ಕೇಳಿದರು. ಆಕೆ ಫೈಲನ್ನು ಪರದೆಯ ಮೇಲೆ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಎತ್ತರ ನೂರಿಪ್ಪತ್ತೈದು. ಸರಿಯಾಗಿಯೇ ಇತ್ತು. "ಟೇಪ್ ಸರಿ ಇದೆ ಸಾರ್" ಎಂದರು. ನಾನೂ ಹಿಂದಿನಿಂದ ಬಗ್ಗಿ ನೋಡಿದ್ದೆ. ನನಗೂ ಸರಿಯಾಗಿಯೇ ಕಂಡಿತು. ಆ ಮಾತಿನ ಮೇಲೆ ಮುನಿರಾಜುವನ್ನು ಸಸ್ಪೆಂಡ್ ಮಾಡಿದರು.

ಶನಿವಾರ ಅವನು ಹುಬ್ಬಿನ ಮೇಲೆ ಪಟ್ಟಿ ಹಾಕಿಕೊಂಡು ಬಂದ. ಗೇಟಿನವರು ಒಳಗೆ ಬಿಟ್ಟದ್ದೇ ದೊಡ್ಡದು. ಆಕೆಯ ಮೇಜಿನ ಮುಂದೆ ನಿಂತ. ಕೂತುಕೋ ಎಂದರೂ ಕೂರಲಿಲ್ಲ.

"ಮೇಡಂ, ದೇವ್ರಾಣೆ ನಾನ್ ಮುಟ್ಟಿಲ್ಲ. ಒಂದ್ಸಲ ಟೇಪ್ ನೋಡಿ."

"ನೋಡಿದೀನಪ್ಪ. ಏನೂ ಬದಲಾಗಿಲ್ಲ. ಬ್ರಾಕೆಟ್ ಒಳಗಿನ ಮಾತು ಅಷ್ಟೇ."

"ಆದ್ರೂ ಇನ್ನೊಂದ್ಸಲ. ನಮ್ಮಪ್ಪ ಊಟ ಬಿಟ್ಟವ್ನೆ ಮೇಡಂ. ಎನ್‌ಕ್ವೈರಿ ಮಾಡಿ ತೆಗೆದಾಕ್ತಾರಂತೆ. ಅಂಗೆ ತೆಗೆದಾಕುದ್ರೆ ಬೇರೆ ಯಾವ ಫ್ಯಾಕ್ಟ್ರೀಲೂ ಸೇರ್ಸಲ್ವಂತೆ."

ಆಕೆ ಆಗಲಿ ಎಂದು ತಲೆಯಾಡಿಸಿದರು. ಅವನು ಹೋದ ಮೇಲೆ ಎರಡು ಟೇಪುಗಳನ್ನು ಕೊರೆದರು. ಒಂದು ಮಾತು ಸೇರಿಸುವ ಮೊದಲಿನದು, ಇನ್ನೊಂದು ಸೇರಿಸಿದ ಮೇಲಿನದು. ಅಪಘಾತದ ಟೇಪನ್ನು ಮ್ಯಾನೇಜರ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಸೋಮವಾರ ಆಕೆ ಕಿಟಕಿಯ ಬಳಿ ನಿಂತು, ಎರಡು ಟೇಪನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರುತ್ತ ನೋಡುತ್ತಿದ್ದರು. ಎರಡರ ತೂತುಗಳೂ ಒಂದಕ್ಕೊಂದು ಕೂಡುತ್ತ ಬಂದರೆ ಬೆಳಕು ತೂರಿ ಬರುತ್ತದೆ, ಕೂಡದಿದ್ದರೆ ಮುಚ್ಚಿಹೋಗುತ್ತದೆ. ಊಟಕ್ಕೂ ಏಳಲಿಲ್ಲ. ನಾನು, "ಏನಾದ್ರೂ ಸಿಕ್ತಾ?" ಎಂದು ಕೇಳಿದೆ. "ನೋಡ್ತಿದೀನಿ ಕಣ್ರೀ" ಎಂದರು. ಆಮೇಲೆ ಎರಡು ದಿನ ಕಂಪ್ಯೂಟರಿನ ಮುಂದೆಯೇ. ವೋಲ್ಟೇಜ್ ಇಳಿದಾಗ ಹೀಗಾಗುತ್ತದಾ ಎಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಕೇಳಿದರು. ಟೇಪು ಕೊರೆಯುವ ಯಂತ್ರವನ್ನು ಬಿಚ್ಚಿ ಧೂಳು ತೆಗೆದರು. ಫ್ಲಾಪಿ ಬದಲಿಸಿದರು. ಬರೀ ಸೊನ್ನೆಗಳ ಸಾಲುಗಳನ್ನು ಫೈಲಿಗೆ ಬರೆಸಿ, ಟೇಪು ಕೊರೆದು, ಮತ್ತೆ ಬೆಳಕಿಗೆ ಹಿಡಿದರು. ಒಂದು ಸಾಲಿಗಿಂತ ಇನ್ನೊಂದನ್ನು ಒಂದೇ ಸೊನ್ನೆ ಉದ್ದ ಮಾಡುತ್ತ ಹೋದರು. ಮಾತಾಡಿಸಿದರೆ ಸಿಡುಕುತ್ತಿದ್ದರು. ನಾನು ಮಾತಾಡಿಸುವುದನ್ನು ಬಿಟ್ಟೆ.

ಗುರುವಾರ ಬೆಳಿಗ್ಗೆ, "ಬನ್ನಿ ಇಲ್ಲಿ" ಎಂದು ಕರೆದರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಮೆಲ್ಲಗೆ ವಿವರಿಸಿದರು. ಫೈಲಿಗೆ ಬರೆಯುವಾಗ ಒಂದು ಸಾಲಿನಲ್ಲಿ ಎಂಬತ್ತು ಅಕ್ಷರ ತುಂಬಿದರೆ ಕಂಪ್ಯೂಟರು ತಾನಾಗಿಯೇ ಅಲ್ಲಿ ಸಾಲು ಮುಗಿಸಿ, ಉಳಿದದ್ದನ್ನು ಮುಂದಿನ ಸಾಲಿಗೆ ಹಾಕುತ್ತದೆ. ಹಾಗೆ ಮಾಡಬೇಡ ಎಂದು ಪ್ರೋಗ್ರಾಂನಲ್ಲಿ ಹೇಳದಿದ್ದರೆ ಅದರ ಪದ್ಧತಿಯೇ ಅದು. ಆಕೆ ಹೇಳಿರಲಿಲ್ಲ. ಅಲ್ಲಿಯವರೆಗೆ ಅಷ್ಟು ಉದ್ದದ ಸಾಲು ಬಂದೇ ಇರಲಿಲ್ಲ. ಕ್ಲಾಂಪಿನ ಬಗೆಗಿನ ಆ ಮಾತು ಸೇರಿದ್ದರಿಂದ ಎಂಬತ್ತನೆಯ ಅಕ್ಷರ ಸರಿಯಾಗಿ ನೂರಿಪ್ಪತ್ತೈದರ ನಡುವೆ ಬಂದು ಬಿದ್ದಿತ್ತು. ಹನ್ನೆರಡಕ್ಕೆ ಸಾಲು ಮುಗಿದಿತ್ತು. ಐದು ಕೆಳಗಿನ ಸಾಲಿಗೆ ಹೋಗಿತ್ತು. ಯಂತ್ರ ಹನ್ನೆರಡು ಎಂದು ಓದಿಕೊಂಡು ಇಳಿದುಬಿಟ್ಟಿತ್ತು.

"ಪರದೆ ಮೇಲೆ ನಾನೂ ನೋಡಿದ್ನಲ್ಲ ಮೇಡಂ?" ಎಂದೆ.

"ಪರದೆ ಅಗಲವೇ ಎಂಬತ್ತಕ್ಷರ ಕಣ್ರೀ. ಉದ್ದದ ಸಾಲು ಹೇಗಿದ್ರೂ ಅಲ್ಲಿ ಮಡಚಿಕೊಂಡೇ ಕಾಣೋದು. ಮಡಚಿದ್ದೋ ಮುರಿದದ್ದೋ ನೋಡಿದ್ರೆ ಗೊತ್ತಾಗಲ್ಲ. ಪ್ರಿಂಟಲ್ಲೂ ಅಷ್ಟೇ. ಟೇಪಲ್ಲಿ ಮಾತ್ರ, ಸಾಲು ಮುಗೀತು ಅನ್ನೋ ಎರಡು ತೂತು ಸಾಲು ಜಾಸ್ತಿ ಇದೆ." ಆಮೇಲೆ, "ಅವನ ಕೈ ಉಳೀಲಿ ಅಂತ ಬರೆದ ಮಾತು" ಎಂದರು. ಟೇಪುಗಳನ್ನು ಎತ್ತಿಕೊಂಡರು.

ಇಬ್ಬರೂ ಮ್ಯಾನೇಜರ ಕೋಣೆಗೆ ಹೋದೆವು. ಆಕೆ ಟೇಪುಗಳನ್ನು ಮೇಜಿನ ಮೇಲೆ ಹಾಸಿ ಎಲ್ಲ ಹೇಳಿದರು. ತಪ್ಪು ತನ್ನ ಪ್ರೋಗ್ರಾಂನದು ಎಂದು ಒಂದಿಷ್ಟೂ ಸುತ್ತುಬಳಸದೆ ಹೇಳಿದರು. ಮ್ಯಾನೇಜರು ಕೆಟ್ಟವರೇನಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಈಗ ಇದನ್ನ ಹೇಳಿ ಏನ್ ಪ್ರಯೋಜನ ಮೇಡಂ? ಆ ಹುಡುಗ ನಿನ್ನೆ ರಾಜೀನಾಮೆ ಕೊಟ್ಟು ಹೋದ. ಎನ್‌ಕ್ವೈರಿ ಬೇಡ, ತಾನಾಗೇ ಬಿಟ್ಟ ಅಂತ ಆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಪರ್ಸೊನೆಲ್‌ನವರು ಹೇಳಿದ್ರು. ಒಪ್ಪಿದ. ಹೆಡ್ ಆಫೀಸಿಗೂ ರಿಪೋರ್ಟ್ ಹೋಯ್ತು."

"ರಿಪೋರ್ಟ್ ವಾಪಸ್ ತರಿಸಿ."

"ಬರಲ್ಲ."

ಆಕೆ ಟೇಪುಗಳನ್ನು ಸುತ್ತಿಕೊಂಡರು. ಒಂದು ಬಿಚ್ಚಿಕೊಂಡು ನೆಲಕ್ಕೆ ಹರಿಯಿತು. ನಾನು ಬಗ್ಗಿ ಎತ್ತಿಕೊಟ್ಟೆ.

ಅವತ್ತು ಸಂಜೆ ಪಟ್ಟಂದೂರು ಅಗ್ರಹಾರಕ್ಕೆ ಹೋಗುತ್ತೇನೆ ಎಂದರು. ಜೊತೆಗೆ ಬರುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಆಕೆ ಬೇಡ ಎನ್ನದೆ ಇದ್ದದ್ದು ಅದೇ ಮೊದಲು. ಕೆಸರು ದಾರಿಯಲ್ಲಿ ಕೇಳಿಕೊಂಡು ಹೋದೆವು. ಅರ್ಧ ಗಾರೆ ಮಾಡಿದ ಹೊಸ ಮನೆ. ಮುನಿರಾಜುವಿನ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಮುನಿರಾಜು ಮಗುವನ್ನು ಎತ್ತಿಕೊಂಡು ಹೊರಗೆ ಬಂದವನು ಆಕೆಯನ್ನು ನೋಡಿ ಗಾಬರಿಯಾಗಿ ಮಗುವನ್ನು ಹೆಂಡತಿಯ ಕೈಗೆ ಕೊಟ್ಟು ಚಾಪೆ ಹಾಸಿದ. ಆಕೆ ಕೂರುವ ಮುಂಚೆಯೇ ಹೇಳಿದರು.

"ಮುನಿರಾಜು, ನಿನ್ನ ತಪ್ಪಲ್ಲಪ್ಪ. ಟೇಪಲ್ಲೇ ಸಾಲು ಮುರಿದಿತ್ತು. ನನ್ನ ಪ್ರೋಗ್ರಾಂನ ತಪ್ಪು. ನೀನು ಏನೂ ಮುಟ್ಟಿಲ್ಲ."

ಅವನು ಹುಬ್ಬಿನ ಗಾಯವನ್ನು ಮುಟ್ಟಿಕೊಂಡ.

"ಮುಟ್ಟಿಲ್ವಾ?" ಎಂದ. "ನಾನೇ ಏನೋ ಮುಟ್ಟಿರ್ಬೇಕು ಅನ್ಕಂಡಿದ್ದೆ ಮೇಡಂ. ಮೊದ್ಲು ಇಲ್ಲ ಅನ್ನುಸ್ತಿತ್ತು. ಎಲ್ಲಾರೂ ಅದ್ನೇ ಯೇಳಿ ಯೇಳಿ, ಮಲಗುದ್ರೆ ನನ್ ಕೈ ಆ ಗುಂಡಿ ತಾವ ಓದಂಗೇ ಕಾಣೋದು. ನೀವೂ ಟೇಪ್ ಸರಿ ಐತೆ ಅಂದ್ರಂತಲ್ಲ. ನೀವೇ ಅಂದ್ಮೇಲೆ ಇನ್ನೇನು ಅಂತ ಸೈನ್ ಆಕ್ಬಿಟ್ಟೆ."

ಒಳಗಿನಿಂದ ಅವನ ತಾಯಿ ಲೋಟದಲ್ಲಿ ಕಾಫಿ ತಂದಿಟ್ಟರು. ಅಪ್ಪ ಅಷ್ಟು ಹೊತ್ತೂ ಕೇಳುತ್ತ ಕೂತಿದ್ದವರು ಬೀಡಿ ಕೆಳಗಿಟ್ಟರು. ದನಿ ಏರಿಸಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

"ಅಲ್ಲ ತಾಯಿ, ಇದ್ನ ಮೊನ್ನೆ ಬಂದು ಯೇಳಿದ್ರೆ ಆಗ್ತಿರ್ಲಿಲ್ವಾ?"

ಆಕೆ ಕಾಫಿ ಕುಡಿದರು. ಬಿಸಿಯಾಗಿದ್ದರೂ ಒಂದೇ ಸಲಕ್ಕೆ ಕುಡಿದರು. ನಾನು ಏನೋ ಹೇಳಲು ಹೋದೆ. "ಗೊತ್ತಾಗಿದ್ದೇ ಇವತ್ತು ಯಜಮಾನ್ರೇ" ಎಂದೆ. ಆ ಮುದುಕರು ತಲೆಯಾಡಿಸಿ ಮತ್ತೆ ಬೀಡಿ ತೆಗೆದುಕೊಂಡರು.

ಮುಂದಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಆಕೆ ಹೆಡ್ ಆಫೀಸಿನವರೆಗೂ ಹೋಗಿ ಬಂದರು. ಮುನಿರಾಜುವನ್ನು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. ಆಕೆಯನ್ನು ಯಾರೂ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಯಿತು ಎಂದು ಕಾಣುತ್ತದೆ. ಬ್ರಾಕೆಟ್ಟಿನೊಳಗೆ ಟೂಲಿನ ನಂಬರು ಬಿಟ್ಟು ಬೇರೇನೂ ಬರೆಯಕೂಡದು ಎಂದು ಆರ್ಡರ್ ಬಂತು. ಆಕೆ ಎದುರಾಡದೆ ಪಾಲಿಸಿದರು. ಪ್ರೋಗ್ರಾಂ ಸರಿಪಡಿಸಿದ್ದು ಒಂದೇ ಸಾಲಿನಲ್ಲಿ. ಸ್ಪಿಂಡಲ್ ಹೊಸದು ಬಂತು, ಹೊಸ ಆಪರೇಟರ್ ಬಂದ. ಪ್ರಿಂಟುಗಳು ಬರೀ ಅಂಕಿಯಾದವು. ಆ ಶಾಪಿನಲ್ಲಿ ಪ್ರಿಂಟು ಓದಿಕೊಂಡು ನಗುವವರು ಇಲ್ಲವಾದರು.

ಮುನಿರಾಜು ಹೂಡಿಯ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಕೈಯಿಂದ ನಡೆಸುವ ಲೇತ್ ಯಂತ್ರಕ್ಕೆ ನಿಂತ. ಅರ್ಧ ಸಂಬಳ. ಅವರಪ್ಪ ಒಂದೆರಡು ವರ್ಷದಲ್ಲಿ ತೀರಿಕೊಂಡರು. ಈಗ ಅವನಿಗೂ ವಯಸ್ಸಾಗಿದೆ. ಮಾರತ್ತಹಳ್ಳಿಯಿಂದ ಹೊರಟವನು ಅವನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. "ಔದಾ ಸಾರ್? ಏನಾಗಿತ್ತು?" ಎಂದ. ಹೃದಯ ಎಂದೆ. "ಪಾಪ" ಎಂದ. ಆಮೇಲೆ ತನ್ನ ಮಂಡಿನೋವಿನ ಬಗ್ಗೆ, ಮೊಮ್ಮಗನ ಸ್ಕೂಲಿನ ಬಗ್ಗೆ ಹೇಳಿದ. ಅದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಆ ಗುರುವಾರ ಮುನಿರಾಜುವಿನ ಮನೆಯಿಂದ ಹೊರಟು ಬಸ್ ಸ್ಟಾಪಿಗೆ ಬಂದಾಗ ಕತ್ತಲಾಗುತ್ತಿತ್ತು. ಬಸ್ಸಿನ ಸುಳಿವಿರಲಿಲ್ಲ. ಒಂದು ಕಲ್ಲಿನ ಮೇಲೆ ಆಕೆ ಕೂತರು, ನಾನು ನಿಂತಿದ್ದೆ. ಆ ಮುದುಕರ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಆಕೆಗೆ ಸಮಾಧಾನವಾಗಲಿ ಎಂದು, "ಅವರಿಗೇನು ಗೊತ್ತು ಮೇಡಂ, ಹುಡುಕೋದು ಅಂದ್ರೆ ಸುಲಭಾನಾ? ನೀವು ಊಟ ಬಿಟ್ಟು ಹುಡುಕಿದ್ರಿ. ಇವತ್ತು ಸಿಕ್ತು, ಇವತ್ತೇ ಬಂದು ಹೇಳಿದ್ರಿ" ಎಂದೆ.

"ಇವತ್ತಲ್ಲ ಕಣ್ರೀ" ಎಂದರು.

ನನಗೆ ಅರ್ಥವಾಗಲಿಲ್ಲ.

"ಸೋಮವಾರ ಮಧ್ಯಾಹ್ನವೇ ಕಂಡಿತ್ತು. ಕಿಟಕಿ ಹತ್ರ ನಿಂತಿದ್ನಲ್ಲ, ಆಗ. ನೂರಿಪ್ಪತ್ತೈದರ ಮಧ್ಯೆ ಸಾಲು ಮುರಿದಿರೋದು ಚೆನ್ನಾಗಿ ಕಾಣ್ತಿತ್ತು. ಟೇಪಿಂದು ತಪ್ಪು, ಅವನದಲ್ಲ ಅಂತ ಆಗ್ಲೇ ಗೊತ್ತಾಯ್ತು."

"ಮತ್ತೆ?"

"ಯಾಕೆ ಮುರೀತು ಅಂತ ಗೊತ್ತಿರ್ಲಿಲ್ಲ. ನಾನು ಬರೆದ ಪ್ರೋಗ್ರಾಂ. ಎಲ್ಲೂ ಅಲ್ಲಿ ಸಾಲು ಮುಗ್ಸು ಅಂತ ಬರೆದಿಲ್ಲ. ಮ್ಯಾನೇಜರ್ ಮುಂದೆ ಹೋಗಿ ತಪ್ಪು ನಂದೇ ಅಂದ್ರೆ, ಹೇಗಾಯ್ತು ಮೇಡಂ ಅಂತ ಕೇಳ್ತಾರೆ. ಗೊತ್ತಿಲ್ಲ ಸಾರ್ ಅನ್ಬೇಕಾಗಿತ್ತು." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಆ ಒಂದು ಮಾತು ಬಾಯಿಗೆ ಬರ್ಲಿಲ್ಲ. ನಾಳೆ ಗೊತ್ತಾಗುತ್ತೆ, ಪೂರ್ತಿ ಗೊತ್ತು ಮಾಡ್ಕೊಂಡೇ ಹೋಗೋಣ, ಅಂದ್ಕೊಂಡೆ. ಮಂಗಳವಾರವೂ ಹಾಗೇ ಅಂದ್ಕೊಂಡೆ. ಬುಧವಾರ ಅವನು ಒಳಗೆ ಬಂದು ಸೈನ್ ಹಾಕ್ತಿದ್ದಾಗ ನಾನು ನಮ್ಮ ಕೋಣೇಲಿ ಸೊನ್ನೆ ಎಣಿಸ್ತಾ ಕೂತಿದ್ದೆ."

ನನಗೆ ಆಕೆಯ ಮೇಲೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ. ಅಷ್ಟೇ ದುಃಖವೂ ಬಂತು. ಎರಡರಲ್ಲಿ ಯಾವುದನ್ನು ಹೇಳಬೇಕೆಂದು ತಿಳಿಯದೆ ಬಸ್ಸು ಬರುವ ದಾರಿ ನೋಡಿದೆ.

"ನೀವು ಅವರಪ್ಪಂಗೆ ಇವತ್ತೇ ಗೊತ್ತಾಯ್ತು ಅಂದ್ರಲ್ಲ" ಎಂದರು. "ಅಲ್ಲ ಅಂತ ಹೇಳ್ಬೇಕಾಗಿತ್ತು ನಾನು. ಆಗ್ಲೂ ಬಾಯಿಗೆ ಬರ್ಲಿಲ್ಲ."

ವಾಪಸ್ ಹೋಗಿ ಹೇಳೋಣವೇ ಎಂದು ಕೇಳಿದೆ. ಆಕೆ ಎದ್ದು ನಿಂತರು. ನಾವು ಬಂದ ದಾರಿಯ ಕಡೆ ಸ್ವಲ್ಪ ಹೊತ್ತು ನೋಡಿದರು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು, ಆಕೆ ಹತ್ತಿದರು.